ಮಂಡಿ ಆ್ಯಪ್‌ನ ಮೊದಲ ಮಾದರಿ: ತಿದ್ದಬೇಕೋ, ಬುಡದಿಂದ ಬರೆಯಬೇಕೋ?

ದಾವಣಗೆರೆಯ ಮೆಕ್ಕೆಜೋಳದ ಮಂಡಿಗೆ ತರಾತುರಿಯಲ್ಲಿ ಕಟ್ಟಿದ ತೂಕ-ಪಟ್ಟಿ (ತೂಕ ಮತ್ತು ಹಣದ ಬಿಲ್) ಆ್ಯಪ್ ಇದೆ ಎನ್ನಿ.

ಪರದೆಗಳು ಅಸ್ತವ್ಯಸ್ತವಾಗಿದ್ದು ಡೇಟಾಬೇಸ್ ಸರಿಯಿದ್ದರೆ ತಿದ್ದುವುದೇ ಮೇಲು. ಒಂದೊಂದೇ ಭಾಗ ಬದಲಿಸಿದರೆ ವ್ಯಾಪಾರ ನಿಲ್ಲುವುದಿಲ್ಲ.

ಬುಡವೇ ತಪ್ಪಿದ್ದರೆ ಮಾತು ಬೇರೆ. ಹಣವನ್ನು ಫ್ಲೋಟ್‌ನಲ್ಲಿ, ಅಂದರೆ ದಶಮಾಂಶ ಸಂಖ್ಯೆಯನ್ನು ಅಂದಾಜಾಗಿ ಹಿಡಿದಿಡುವ ರೂಪದಲ್ಲಿ, ಇಟ್ಟಿದ್ದೀರಾ? ಅಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುತ್ತದೆ, ಏಕೆಂದರೆ 0 ಮತ್ತು 1 ಮಾತ್ರ ಬಳಸುವ ಬೈನರಿಯಲ್ಲಿ 0.1 ನಿಖರವಾಗಿ ಕೂರದು. ಪಟ್ಟಿಗಳ ಮೊತ್ತ ಪೈಸೆಗೆ ತಾಳೆಯಾಗದೆ ಹೋಗಬಹುದು. ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿ ಇಡಿ: 45.6 ಕ್ವಿಂಟಾಲ್ ಎಂದರೆ 45,60,000 ಗ್ರಾಂ. ರೈತರ ಗುರುತಿಗೆ ಮೊಬೈಲ್ ನಂಬರನ್ನೇ ಕೀಲಿಯಾಗಿ (ಪ್ರತಿಯೊಬ್ಬರ ದಾಖಲೆಯನ್ನು ಬೇರ್ಪಡಿಸುವ ಗುರುತಾಗಿ) ಬಳಸಿದ್ದು, ಅದು ಎಲ್ಲ ಕೋಷ್ಟಕಗಳಿಗೂ ಹಬ್ಬಿದ್ದರೆ ನಮ್ಮ ಒಲವು ಹೊಸದಾಗಿ ಬರೆಯುವುದಕ್ಕೇ. ಅಣ್ಣ ತಮ್ಮ ಇಬ್ಬರೂ ಒಂದೇ ನಂಬರ್ ಕೊಟ್ಟರೆ ಲೆಕ್ಕ ಬೆರೆತುಹೋಗುತ್ತದೆ.

ಹೊಸದಾಗಿ ಬರೆಯುವಾಗಿನ ದೊಡ್ಡ ಅಪಾಯ, ಹಳೆಯ ಕೋಡಿನಲ್ಲಿ ಅಡಗಿದ ನಿಯಮ ಬಿಟ್ಟುಹೋಗುವುದು: ಖಾಲಿ ಚೀಲದ ತೂಕ, ಹಮಾಲಿ, ಮುಂಗಡದ ಕಡಿತ. ಹಳೆಯ 200 ಪಟ್ಟಿಗಳನ್ನು ಹೊಸ ಕೋಡಿಗೆ ಉಣಿಸಿ, ವ್ಯತ್ಯಾಸ ಬಂದ ಪ್ರತಿಯೊಂದಕ್ಕೂ ಕಾರಣ ಹುಡುಕಿ. ಎರಡು ವಾರ ಎರಡನ್ನೂ ಜೊತೆಗೇ ಓಡಿಸಿ. ಅಷ್ಟರವರೆಗೆ ಹೊಸ ಸೌಲಭ್ಯ ಸೇರಿಸಬೇಡಿ, ತಪ್ಪಿನ ಮೂಲ ಸಿಗುವುದಿಲ್ಲ. ಮುಂಗಾರು ಮೆಕ್ಕೆಜೋಳದ ಆವಕ ಏರುವ ಅಕ್ಟೋಬರ್, ನವೆಂಬರ್‌ನಲ್ಲಂತೂ ಬದಲಾವಣೆಗೆ ಕೈಹಾಕಬೇಡಿ.