ಹಂಚಿನ ಮಾಡಿನ ಪಾಚಿಗೆ ಹೈಪೋ: ಎಷ್ಟು ಕೆಲಸ, ಎಷ್ಟು ಅಪಾಯ

ಕರಾವಳಿ, ಮಲೆನಾಡಿನ ಹಂಚಿನ ಮಾಡು ಕಪ್ಪಾಗುವುದು ಧೂಳಿನಿಂದಲ್ಲ, ಪಾಚಿಯಿಂದ. ಅದನ್ನು ಉಜ್ಜಿ ಕೆರೆಯುವುದಕ್ಕಿಂತ ಸಾಯಿಸುವುದೇ ಸರಿ. ಇದಕ್ಕೆ ಜನ ಬಳಸುವುದು ಪ್ರೆಷರ್ ವಾಷರ್, ಬ್ಲೀಚಿಂಗ್ ಪೌಡರ್, ಇಲ್ಲವೇ ಎಲ್ಲರೂ ಹೈಪೋ ಎಂದು ಕರೆಯುವ ಸೋಡಿಯಂ ಹೈಪೋಕ್ಲೋರೈಟ್. ಮಂಗಳೂರು ಹಂಚಿನ ಮಟ್ಟಿಗೆ ನಮ್ಮ ಮತ ಹೈಪೋಗೆ. ಆದರೆ ಷರತ್ತುಗಳಿವೆ.

ಮೊದಲು ಪ್ರೆಷರ್ ವಾಷರ್ ಯಾಕೆ ಬೇಡ ಎಂದರೆ, ಮನೆಬಳಕೆಯ ಸಣ್ಣ ಯಂತ್ರವೂ ನೂರು ಬಾರ್ ಒತ್ತಡ ದಾಟುತ್ತದೆ. ಆ ಧಾರೆ ಪಾಚಿಯ ಜೊತೆ ಹಂಚಿನ ಸುಟ್ಟ ಮೇಲ್ಪದರವನ್ನೂ ಕೀಳುತ್ತದೆ. ಒರಟಾದ ಹಂಚು ನೀರು ಹೀರಿಕೊಂಡು ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಪಾಚಿ ಹಿಡಿಯುತ್ತದೆ. ಇಳಿಜಾರಿಗೆ ಎದುರಾಗಿ ಕೆಳಗಿನಿಂದ ಹೊಡೆದರಂತೂ ಹಂಚಿನ ಸಂದಿಗಳಲ್ಲಿ ನೀರು ನುಗ್ಗಿ ಹಂಚನ್ನು ಹೊರುವ ಮರದ ರೀಪು, ಪಕಾಸು ನೆನೆಯುತ್ತವೆ. ತೊಳೆದ ದಿನ ಮಾಡು ಹೊಸದರಂತೆ ಕಾಣುತ್ತದೆ, ಅಷ್ಟೇ ಅದರ ಲಾಭ. ಬ್ಲೀಚಿಂಗ್ ಪೌಡರ್ ಕೆಲಸ ಮಾಡುತ್ತದೆ, ಆದರೆ ಅದರ ಸುಣ್ಣ ಪೂರ್ತಿ ಕರಗುವುದಿಲ್ಲ. ನಾಜಲ್ ಕಟ್ಟುತ್ತದೆ, ಹಂಚಿನ ಮೇಲೆ ಬಿಳಿ ಗೆರೆ ಉಳಿಯುತ್ತದೆ.

ಹೈಪೋ ಕೊಳ್ಳುವಾಗ ನೋಡಬೇಕಾದದ್ದು ಬೆಲೆಗಿಂತ ಮೊದಲು ತಯಾರಿಕೆಯ ದಿನಾಂಕ. ಕ್ಯಾನಿನ ಮೇಲೆ 10ರಿಂದ 12% ಎಂದು ಬರೆದಿರುತ್ತದೆ. ಬಿಸಿ, ಬೆಳಕು ತಾಗಿದಷ್ಟೂ ಅದು ಇಳಿಯುತ್ತಲೇ ಇರುತ್ತದೆ. ತಗಡಿನ ಶೆಡ್ಡಿನಲ್ಲಿ ಕೆಲವು ತಿಂಗಳು ಕೂತ ಕ್ಯಾನಿನಲ್ಲಿ ಅರ್ಧ ಶಕ್ತಿಯೂ ಉಳಿದಿರಲಿಕ್ಕಿಲ್ಲ. ‘ಹೈಪೋ ಹೊಡೆದೆವು, ಏನೂ ಆಗಲಿಲ್ಲ’ ಎನ್ನುವ ದೂರಿನ ಹಿಂದೆ ಹೆಚ್ಚಾಗಿ ಇರುವುದು ಹಳೇ ಮಾಲು.

ಅಳತೆ ಸುಲಭ. 16 ಲೀಟರಿನ ಟ್ಯಾಂಕಿಗೆ 12 ಲೀಟರ್ ನೀರು, 4 ಲೀಟರ್ ಹೈಪೋ. ಹೊಸ ಮಾಲಾದರೆ ಸುಮಾರು 3% ದ್ರಾವಣ ಸಿಗುತ್ತದೆ. ಮೊದಲು ನೀರು, ಆಮೇಲೆ ಹೈಪೋ. ಸಾವಿರ ಚದರಡಿ ಮಾಡಿಗೆ ಸುಮಾರು 40 ಲೀಟರ್ ಬೇಕಾಗುತ್ತದೆ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಬಿಡುವ ಪಂಪನ್ನೇ ಬಳಸುವ ಆಸೆ ಸಹಜ, ಆದರೆ ಅದು ಬೇಡ: ಉಳಿದಿರುವ ತಾಮ್ರದ ಅಂಶ ಹೈಪೋವನ್ನು ಬೇಗ ಕೆಡಿಸುತ್ತದೆ, ಹಿತ್ತಾಳೆಯ ನಾಜಲನ್ನು ಹೈಪೋ ತಿನ್ನುತ್ತದೆ. ಪ್ಲಾಸ್ಟಿಕ್ ನಾಜಲಿನ ಬ್ಯಾಟರಿ ಸ್ಪ್ರೇಯರ್ ಒಂದನ್ನು ಇದಕ್ಕೇ ಮೀಸಲಿಡಿ. ಟ್ಯಾಂಕನ್ನು ಬೆನ್ನಿಗೆ ಕಟ್ಟಿಕೊಂಡು ಏಣಿ ಹತ್ತಬೇಡಿ. ಅದನ್ನು ನೆಲದಲ್ಲಿಟ್ಟು ಉದ್ದದ ಪೈಪು ಜೋಡಿಸಿದರೆ ಭಾರವೂ ಇಲ್ಲ, ಸೋರಿದರೆ ಬೆನ್ನು ಸುಡುವುದೂ ಇಲ್ಲ.

ಕಾಲ ಅಕ್ಟೋಬರ್ ಕೊನೆಯಿಂದ ಡಿಸೆಂಬರ್, ಬೆಳಗಿನ ಹೊತ್ತು. ಪಾಚಿ ಇನ್ನೂ ಹಸಿ ಇರುತ್ತದೆ, ದ್ರಾವಣ ಬೇಗ ಆರುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಹೊಡೆದರೆ ಕೆಲಸ ಮುಗಿಯುವ ಮೊದಲೇ ಒಣಗುತ್ತದೆ. ಗಾಳಿ ಬೆನ್ನ ಹಿಂದಿರಲಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಹಸಿರು ಬಿಳಚಿಕೊಳ್ಳುತ್ತದೆ, ಆಮೇಲೆ ತೋಟದ ಪೈಪಿನ ಸಾದಾ ನೀರು ಸಾಕು. ದಪ್ಪ ಹಾವಸೆ ಕಂದಾಗಿ ಅಲ್ಲೇ ಇರುತ್ತದೆ. ಒಣಗಿದ ಮೇಲೆ ಉದ್ದ ಕೋಲಿಗೆ ಕಟ್ಟಿದ ಮೆತ್ತನೆ ಪೊರಕೆಯಿಂದ ಮೇಲಿನಿಂದ ಕೆಳಕ್ಕೆ ಗುಡಿಸಿ. ಬೂದು ಬಣ್ಣದ ದುಂಡು ಕಲ್ಲುಹೂವಿನ ಮಚ್ಚೆಗಳಿಗೆ ಮಾತ್ರ ತಿಂಗಳುಗಟ್ಟಲೆ ತಾಳ್ಮೆ ಬೇಕು.

ಇನ್ನು ಷರತ್ತುಗಳು. ಮಾಡಿನ ನೀರು ಮಳೆಕೊಯ್ಲಿನ ಟ್ಯಾಂಕಿಗೋ ಬಾವಿಗೋ ಇಳಿಯುವುದಾದರೆ ಆ ಪೈಪನ್ನು ಮೊದಲೇ ಕಳಚಿ, ಒಂದೆರಡು ದೊಡ್ಡ ಮಳೆ ಬಂದು ಹೋದ ಮೇಲೆ ಜೋಡಿಸಿ. ಕೆಳಗಿನ ಮಲ್ಲಿಗೆ, ವೀಳ್ಯದೆಲೆ ಬಳ್ಳಿಗೆ ಮೊದಲೂ ಆಮೇಲೂ ಧಾರಾಳ ನೀರು ಹಾಯಿಸಿ. ಬಣ್ಣ ಬಳಿದ ಹಂಚು ಮಾಸುತ್ತದೆ, ಮಾಡಿನ ಅಂಚಿನಲ್ಲಿ ನೀರು ಹರಿಸುವ ಜಿಐ ತಗಡಿನ ದಂಬೆಗೆ ತುಕ್ಕು ಹಿಡಿಯುತ್ತದೆ. ತಾಗಿದ ಕೂಡಲೇ ತೊಳೆಯಬೇಕು. ಕನ್ನಡಕ, ರಬ್ಬರ್ ಗ್ಲೌಸ್, ತುಂಬುತೋಳಿನ ಅಂಗಿ ಕಡ್ಡಾಯ. ಬಟ್ಟೆಯ ಮಾಸ್ಕ್ ಕ್ಲೋರಿನ್ ಹೊಗೆಯನ್ನು ತಡೆಯುವುದಿಲ್ಲ. ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ.

ಮಾಡಿನ ಮೇಲೆ ನಡೆಯದೆ ಏಣಿಯಿಂದಲೇ ಹೊಡೆಯುವುದು ಈ ವಿಧಾನದ ದೊಡ್ಡ ಲಾಭ. ಏಣಿ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಗೋಡೆಯಿಂದ ದೂರ ಇರಲಿ, ಬುಡ ಹಿಡಿಯಲು ಒಬ್ಬರು ಬೇಕು. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿನ ಹತ್ತಿರ ಅಲ್ಯೂಮಿನಿಯಂ ಏಣಿ ಬೇಡವೇ ಬೇಡ. ಮನೆಯ ಮೇನ್ ಆಫ್ ಮಾಡಿದರೂ ಆ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಇದನ್ನು ಅನುಭವಸ್ಥ ಕೆಲಸಗಾರರೂ ಮರೆಯುತ್ತಾರೆ. ಹಳೇ ಸಿಮೆಂಟ್ ಶೀಟಿನ ಮಾಡಿಗೆ ಇದ್ಯಾವುದೂ ಅನ್ವಯಿಸದು: ಅದರಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ, ಉಜ್ಜಿದರೂ ಜೋರು ನೀರು ಬಿಟ್ಟರೂ ನಾರು ಏಳುತ್ತದೆ, ಕಾಲಿಟ್ಟರೆ ಮುರಿಯುತ್ತದೆ.

ತಾರಸಿಯಲ್ಲಿ ಸೋಲಾರ್ ಸ್ಟ್ಯಾಂಡಿನ ಕೆಳಗಿನ ಕೆಂಪು ಕಲೆ ಪಾಚಿಯಲ್ಲ, ತುಕ್ಕು. ಅದಕ್ಕೆ ಹೈಪೋ ದಂಡ. ಲೀಟರ್ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಸಿಡ್ ಕಲಸಿ ಸ್ವಲ್ಪ ಹೊತ್ತು ಬಿಟ್ಟು ನೈಲಾನ್ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಹೈಪೋ ಹೊಡೆದ ದಿನ ಮಾತ್ರ ಇದು ಬೇಡ. ಆಕ್ಸಾಲಿಕ್ ಆಗಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ, ಹೈಪೋಗೆ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡಕ್ಕೂ ಬೇರೆ ಬೇರೆ ಬಕೆಟ್ ಇಟ್ಟುಕೊಳ್ಳಿ.