ಡೀಸೆಲ್ ಬುಲೆಟ್ ಕೊಳ್ಳುವ ಮುಂಚೆ ಆರ್‌ಸಿ ನೋಡಿ

ಬೀಳಗಿ, ಮುಧೋಳ, ಜಮಖಂಡಿ ಕಡೆ ಯಾರಾದರೂ ಹಳೆಯ ಡೀಸೆಲ್ ಬುಲೆಟ್ ಹುಡುಕುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಕಾಕಾ ಹೋದ ವರ್ಷ ಒಂದನ್ನು ತಂದರು. ದುಡ್ಡು ಹೋಯಿತು, ಗಾಡಿ ಇನ್ನೂ ಅವರ ಹೆಸರಿಗೆ ಆಗಿಲ್ಲ.

"ಕಂಪನಿ ಟಾರಸ್ ಐತ್ರಿ ಕಾಕಾ, ಲೀಟರಿಗೆ ಎಂಬತ್ತು ಕೊಡತೈತಿ" ಅಂತ ಮಾರಿದವನು ಹೇಳಿದ್ದ. ಟಾರಸ್ ಅನ್ನುವ ಗಾಡಿ ಇದ್ದದ್ದು ನಿಜ. ರಾಯಲ್ ಎನ್‌ಫೀಲ್ಡ್‌ನವರೇ 325 ಸಿಸಿ ಡೀಸೆಲ್ ಇಂಜಿನ್ ಕೂರಿಸಿ ಮಾರುತ್ತಿದ್ದರು, ಹೊಗೆಯ ನಿಯಮ ಬಿಗಿಯಾದ ಮೇಲೆ ನಿಲ್ಲಿಸಿದರು. ಕಾಕಾ ಅವರಿಗೆ ಸಿಕ್ಕಿದ್ದು ಅದಲ್ಲ. ಯಾವುದೋ ಪೆಟ್ರೋಲ್ ಬುಲೆಟ್‌ನ ಇಂಜಿನ್ ಇಳಿಸಿ, ಜನರೇಟರಿಗೆ ಬರುವಂಥ ಡೀಸೆಲ್ ಇಂಜಿನ್ ಹಾಕಿದ್ದರು. ಹೆಸರು ಬದಲಿಸಲು ಆರ್‌ಟಿಒಗೆ ಹೋದಾಗಲೇ ಇದು ಗೊತ್ತಾಗಿದ್ದು: ಆರ್‌ಸಿಯಲ್ಲಿ ಇಂಧನ ಪೆಟ್ರೋಲ್, ಇಂಜಿನ್ ನಂಬರ್ ಬೇರೆ.

ಇದು ಸಣ್ಣ ವಿಷಯ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಅದೇ ಜಾತಿಯ ಇಂಜಿನ್ ಹಾಕಬೇಕಾದರೂ ಅನುಮತಿ ಬೇಕು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ನಾಳೆ ಅಪಘಾತವಾದರೆ ವಿಮೆಯವರು ಇದನ್ನೇ ಹಿಡಿದು ಕ್ಲೇಮ್ ತಳ್ಳಿಹಾಕಬಹುದು.

ಕಾಗದ ಸರಿ ಇದ್ದಿದ್ದರೂ ಓಡಿಸುವುದು ಕಷ್ಟವೇ. ಡೀಸೆಲ್ ಇಂಜಿನ್‌ಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ, ಗಾಳಿಯನ್ನು ಸುಮಾರು ಹದಿನೆಂಟು ಪಟ್ಟು ಒತ್ತಿ ಅದರ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು, ಅದಕ್ಕೇ ಅಷ್ಟು ಭಾರ, ಒಂದೇ ಸಿಲಿಂಡರ್ ಆದ್ದರಿಂದ ಅಷ್ಟು ನಡುಕ. ನಟ್ಟು ಬೋಲ್ಟು ಸಡಿಲವಾಗುತ್ತವೆ, ಹೆಡ್‌ಲೈಟ್ ಬಲ್ಬ್ ಪದೇ ಪದೇ ಹೋಗುತ್ತದೆ, ಇಂಜಿನ್ ಹಿಡಿದಿರುವ ಪಟ್ಟಿಯ ವೆಲ್ಡಿಂಗ್ ಕೂಡ ಬಿಟ್ಟಿತ್ತು. ಇನ್ನು ಶಕ್ತಿ. ಆ ಕಾಲದ 350 ಸಿಸಿ ಪೆಟ್ರೋಲ್ ಬುಲೆಟ್‌ಗೆ ಹದಿನೆಂಟು ಅಶ್ವಶಕ್ತಿ, ಟಾರಸ್‌ಗೆ ಆರೂವರೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಸೊಲ್ಲಾಪುರ-ಹುಬ್ಬಳ್ಳಿ ಹೆದ್ದಾರಿಯಲ್ಲಿ ಹಿಂದಿಕ್ಕಲು ಹೋದರೆ ಗಾಡಿ ಮುಂದೆ ಹೋಗುವುದೇ ಇಲ್ಲ, ಹಿಂದೆ ಲಾರಿ ಹಾರ್ನ್ ಹಾಕುತ್ತಿರುತ್ತದೆ. ನಾನೇ ಓಡಿಸಿದ್ದೇನೆ, ಭಯವಾಯಿತು.

ಮೈಲೇಜ್ ಸುಳ್ಳಲ್ಲ, ಒಳ್ಳೆಯದೇ ಬರುತ್ತಿತ್ತು. ಆದರೆ ಡೀಸೆಲ್ ತುಂಬಾ ಅಗ್ಗವಿದ್ದ ಕಾಲ ಹೋಯಿತು, 2014ರಲ್ಲಿ ಸರ್ಕಾರ ಅದರ ದರದ ನಿಯಂತ್ರಣ ಬಿಟ್ಟಿತು. ಉಳಿಸಿದ್ದೆಲ್ಲ ಗ್ಯಾರೇಜಿಗೇ ಹೋಗುತ್ತದೆ. ದಿನಾ ಹೊಲಕ್ಕೆ, ಪೇಟೆಗೆ ಓಡಾಡಲು 100 ಸಿಸಿ ಪೆಟ್ರೋಲ್ ಬೈಕೇ ಎಷ್ಟೋ ವಾಸಿ, ಅಲ್ವಾ?

ಅಷ್ಟಾದರೂ ಬೇಕೇ ಬೇಕು ಅನಿಸಿದರೆ, ಮೊದಲು ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಇಂಧನ ಯಾವುದು ಅಂತ ನೋಡಿ. ಇಂಜಿನ್ ಮೇಲೆ ಕೆತ್ತಿದ ನಂಬರನ್ನು ಬಟ್ಟೆಯಿಂದ ಒರೆಸಿ, ಆರ್‌ಸಿ ಪಕ್ಕ ಹಿಡಿದು ನೀವೇ ಓದಿ. "ಆರ್‌ಸಿ ಆಮೇಲೆ ಕೊಡ್ತೀನ್ರಿ" ಅಂದರೆ ಒಂದು ರೂಪಾಯಿ ಅಡ್ವಾನ್ಸೂ ಕೊಡಬೇಡಿ.