ಹೂಬಿಟ್ಟ ಗಿಡವೋ, ಎಳೆ ಸಸಿಯೋ, ಬೀಜವೋ?

ವಸಂತ ಮುಗಿಯುತ್ತ ಬಂದಿತ್ತು. ಚಳಿಗಾಲದ ಹೂಗಿಡಗಳೆಲ್ಲ ಒಣಗಿ ಹೂವಿನ ಮಡಿ ಬೋಳಾಗಿತ್ತು. ಬಿಸಿಲು ಏರುವ ಮೊದಲೇ ಬಣ್ಣ ತುಂಬಬೇಕೆಂದು ಮಡಿಯನ್ನು ಮೂರು ಪಾಲು ಮಾಡಿದೆ. ಒಂದರಲ್ಲಿ ನರ್ಸರಿಯಿಂದ ತಂದ, ಆಗಲೇ ಮೈತುಂಬ ಅರಳಿದ್ದ ಪೆಟೂನಿಯಾ. ಇನ್ನೊಂದರಲ್ಲಿ ಮೊಗ್ಗೇ ಇಲ್ಲದ ಚೆಂಡುಹೂವಿನ ಸಸಿ. ಮೂರನೆಯದರಲ್ಲಿ ಜಿನ್ನಿಯಾ ಬೀಜ, ನೇರ ಮಣ್ಣಿಗೆ. ಮಣ್ಣು, ಗೊಬ್ಬರ, ಬಿಸಿಲು ಮೂರಕ್ಕೂ ಒಂದೇ.

ಮೊದಲೆರಡು ವಾರ ಪೆಟೂನಿಯಾದ್ದೇ ದರಬಾರು. ಮೂರನೇ ವಾರಕ್ಕೆ ಮಧ್ಯಾಹ್ನವಾದರೆ ಸಾಕು, ಎಲೆ ಜೋತುಬೀಳುತ್ತಿತ್ತು. ನೀರು ಹೆಚ್ಚಿಸಿದರೂ ಅಷ್ಟೇ. ಒಂದನ್ನು ಮೆಲ್ಲಗೆ ಎತ್ತಿ ನೋಡಿದೆ. ಬೇರೆಲ್ಲ ಹಳೆಯ ಕುಂಡದ ಆಕಾರದಲ್ಲೇ ಸುತ್ತಿಕೊಂಡು ಬಿಳಿ ದಾರದ ಉಂಡೆಯಂತಿತ್ತು. ಹೊರಗಿನ ಮಣ್ಣಿಗೆ ಒಂದು ಎಳೆಯೂ ಇಳಿದಿರಲಿಲ್ಲ. ಇದ್ದ ಕಸುವನ್ನೆಲ್ಲ ಹೂವಿಗೆ ಸುರಿಯುತ್ತಿದ್ದ ಗಿಡ ಬೇರಿಗೇನು ಕೊಟ್ಟೀತು? ಉಳಿದವುಗಳ ಬೇರುಂಡೆಯನ್ನು ಬೆರಳಿನಿಂದ ಸಡಿಲಿಸಿ, ಮನಸ್ಸು ಗಟ್ಟಿ ಮಾಡಿಕೊಂಡು ಹೂವು ಮೊಗ್ಗು ಎಲ್ಲ ಚಿವುಟಿ ಮತ್ತೆ ನೆಟ್ಟೆ. ಐದರಲ್ಲಿ ಎರಡು ಉಳಿದವು. ನೆಡುವ ದಿನವೇ ಇದನ್ನು ಮಾಡಬೇಕಿತ್ತು. ಪೆಟೂನಿಯಾಗೆ ಸುಡುಬಿಸಿಲು ಹಿಡಿಸುವುದೂ ಇಲ್ಲ. ಹಾಗಾಗಿ ಸೋಲೆಲ್ಲ ಬೇರಿನದೇ ಎನ್ನಲಾರೆ.

ಚೆಂಡುಹೂವಿನ ಸಸಿಗಳನ್ನು ಸಂಜೆ ನೆಟ್ಟು ನಾಲ್ಕು ದಿನ ನೆರಳು ಕಟ್ಟಿದೆ. ಒಂದು ಗೇಣು ಆಗುವ ಮೊದಲೇ ಕುಡಿ ಚಿವುಟಿದ್ದರಿಂದ ಪಕ್ಕದ ಕವಲುಗಳೊಡೆದು ಗುಂಡಗೆ ಹರಡಿದವು. ಆರನೇ ವಾರಕ್ಕೆ ಹೂವು. ಒಣ ಬಿಸಿಗೆ ಎಲೆಯಡಿ ನುಸಿ ಹತ್ತಿತು. ಎಲೆಯ ಕೆಳಮೈಗೆ ಬೆಳಿಗ್ಗೆ ಬೆಳಿಗ್ಗೆ ನೀರು ಚಿಮುಕಿಸಿದೆ, ಹತೋಟಿಗೆ ಬಂತು.

ನನ್ನ ಮನಸ್ಸು ಗೆದ್ದದ್ದು ಮಾತ್ರ ಜಿನ್ನಿಯಾ. ಐದನೇ ದಿನ ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ಎರಡು ಎಲೆ ಮೇಲೆದ್ದವು. ಒತ್ತಾಗಿದ್ದವನ್ನು ಕಿತ್ತು ಗಿಡದಿಂದ ಗಿಡಕ್ಕೆ ಗೇಣು ಅಂತರ ಬಿಟ್ಟೆ. ಕಿತ್ತವನ್ನು ಎಸೆಯಲು ಮನಸ್ಸಾಗದೆ ಬೇರೆಡೆ ನೆಟ್ಟರೆ ಹೆಚ್ಚಿನವು ಸೊರಗಿದವು. ಇದಕ್ಕೆ ಬೇರು ಕದಲಿಸಿದರೆ ಆಗದು. ಮೊದಲ ಹೂವಿಗೆ ಒಂಬತ್ತು ವಾರ ಕಾದೆ. ಆಮೇಲೆ ಕೊಯ್ದಷ್ಟೂ ಹೂವು: ಕೆಂಪು, ಕಿತ್ತಳೆ, ಗುಲಾಬಿ. ಉರಿಬಿಸಿಲಿಗೂ ತಲೆ ಬಗ್ಗಿಸಲಿಲ್ಲ, ಹುಟ್ಟಿದ ಜಾಗದಲ್ಲೇ ಬೇರು ಆಳಕ್ಕಿಳಿದಿತ್ತಲ್ಲ. ಒತ್ತಾಗಿ ಉಳಿದ ಮೂಲೆಯಲ್ಲಿ ಮಾತ್ರ ಎಲೆಗೆ ಬೂದಿ ರೋಗ ಬಂತು. ಅಂತರಕ್ಕೆ ಜಿಪುಣತನ ಮಾಡಬಾರದು.

ಬರುವ ವಾರವೇ ಮನೆಯಲ್ಲಿ ಸಮಾರಂಭವಿದ್ದರೆ ಅರಳಿದ ಗಿಡ ತನ್ನಿ, ಕುಂಡದಲ್ಲೇ ಇಟ್ಟು ನೋಡಿ ಸಂತೋಷಪಡಿ. ಮಡಿಗಾದರೆ ಹೂವಿಲ್ಲದ ಗಿಡ್ಡ ಸಸಿಯನ್ನೇ ಆರಿಸಿ. ಒಂಬತ್ತು ವಾರ ಕಾಯುವ ತಾಳ್ಮೆ ಇದ್ದರೆ ಬೀಜ. ಈ ಸಲ ನಾನು ಮಡಿಯ ಮುಕ್ಕಾಲು ಪಾಲಿಗೆ ಜಿನ್ನಿಯಾ ಬಿತ್ತಿ, ಅದು ಅರಳುವವರೆಗೆ ಅಂಚು ಖಾಲಿ ಕಾಣದಿರಲೆಂದು ಚೆಂಡುಹೂವಿನ ಸಸಿ ನೆಟ್ಟಿದ್ದೇನೆ.